ಏರಿ ಕಾಯುವವರನ್ನು ಕಾಯುವ ಕಾನೂನು

ಅಣೆಕಟ್ಟೆ ಎಂದ ಕೂಡಲೇ ಆಲಮಟ್ಟಿ, ತುಂಗಭದ್ರಾ, ಕೃಷ್ಣರಾಜಸಾಗರ ನೆನಪಾಗುತ್ತವೆ. ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಜಲಾಶಯಗಳ ಹೆಸರನ್ನು ಜಿಲ್ಲೆಯ ಹೊರಗೆ ಕೇಳಿದವರು ಕಡಿಮೆ. ತೆಲಂಗಾಣದ ವಿಕಾರಾಬಾದ್ ಬಳಿಯ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ತಾಂಡೂರಿನ ಬದಿಯಿಂದ ಕರ್ನಾಟಕಕ್ಕೆ ಇಳಿಯುವ ಕಾಗಿಣಾ ನದಿ ಸೇಡಂ, ಚಿತ್ತಾಪುರ ಸೀಮೆಯನ್ನು ಹಾದು ಶಹಾಬಾದ್, ವಾಡಿಗಳ ಆಸುಪಾಸಿನಲ್ಲಿ ಭೀಮೆಯನ್ನು ಸೇರುತ್ತದೆ. ಅದಕ್ಕೆ ನೀರು ತಂದು ಸುರಿಯುವ ಹೊಳೆಗಳಲ್ಲಿ ಮುಲ್ಲಾಮಾರಿ, ಬೆಣ್ಣೆತೊರಾ ಮುಖ್ಯವಾದವು. ಮುಲ್ಲಾಮಾರಿಗೆ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ ಒಂದು ಅಣೆಕಟ್ಟು, ಅದರ ಕೆಳಗೆ ಚಿಂಚೋಳಿ ತಾಲ್ಲೂಕಿನ ನಾಗರಾಳದ ಬಳಿ ಇನ್ನೊಂದು. ಚಿಂಚೋಳಿಯ ಕಾಡಿನ ನಡುವೆ ಸರನಾಲಾ ಹಳ್ಳಕ್ಕೆ ಚಂದ್ರಂಪಳ್ಳಿ ಜಲಾಶಯ. ಬೆಣ್ಣೆತೊರೆಗೆ ಹೆರೂರಿನ ಬಳಿ ಕಟ್ಟಿದ ಒಡ್ಡು. ಇವುಗಳಲ್ಲಿ ಹೆಚ್ಚಿನವು ರಾಜ್ಯದ ಲೆಕ್ಕದಲ್ಲಿ ಮಧ್ಯಮ ಗಾತ್ರದ ಯೋಜನೆಗಳು. ಗಾತ್ರ ಮಧ್ಯಮವಾದರೂ ಇವುಗಳ ಕೆಳಗಿರುವ ಊರುಗಳಿಗೆ ಒದಗಬಹುದಾದ ಅಪಾಯ ಮಧ್ಯಮವೇನಲ್ಲ. ಕಲಬುರಗಿ–ಸೇಡಂ ರಸ್ತೆಯ ಮಳಖೇಡ ಸೇತುವೆಯೂ ಚಿತ್ತಾಪುರ ಕಡೆಯ ದಂಡೋತಿ ಸೇತುವೆಯೂ ಜೋರು ಮಳೆಯಾದ ವರ್ಷಗಳಲ್ಲೆಲ್ಲ ಮುಳುಗುತ್ತವೆ. ಅಮೋಘವರ್ಷನ ರಾಜಧಾನಿಯಾಗಿದ್ದ ಆ ಮಳಖೇಡದಲ್ಲಿ ಕಾಗಿಣೆಯ ನೀರು ಮಠದ ಅಂಗಳಕ್ಕೂ ನುಗ್ಗುತ್ತದೆ. ಅಣೆಕಟ್ಟು ಗಟ್ಟಿಯಾಗಿ ನಿಂತು, ಗೇಟು ಸರಿಯಾಗಿ ಎದ್ದು, ನೀರು ಹೊರಬಿಟ್ಟಾಗಿನ ಸ್ಥಿತಿಯೇ ಹೀಗಿರುವಾಗ, ಅಣೆಕಟ್ಟಿಗೇ ಏನಾದರೂ ಆದರೆ ಎಂಬ ಪ್ರಶ್ನೆಯನ್ನು ಸಮಾಧಾನದಿಂದ, ವಿಜ್ಞಾನದ ಕಣ್ಣಿನಿಂದ ಕೇಳಿಕೊಳ್ಳಲೇಬೇಕು.

ಆ ಪ್ರಶ್ನೆಗೆ ದೇಶ ಕೊಟ್ಟಿರುವ ಉತ್ತರ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಈ ಅಧ್ಯಾಯದ ವಾದ ಇಷ್ಟು: ಕಾಯ್ದೆ ಕೇಳುವ ಕೆಲಸಗಳೆಲ್ಲ ಸರಿಯಾದವೇ; ಆದರೆ ಅವನ್ನು ಮಾಡಬೇಕಾದವರು ಒಡ್ಡಿನ ಮೇಲೆ ನಿಂತಿರುವ ಕಿರಿಯ ಎಂಜಿನಿಯರ್, ಗೇಟ್ ಆಪರೇಟರ್ ಮತ್ತು ಏರಿಯ ಮೇಲೆ ನಡೆದಾಡುವ ಲಸ್ಕರ್. ಅವರು ಕಂಡದ್ದನ್ನು ಕಂಡಂತೆ ಬರೆಯಲು ಧೈರ್ಯವನ್ನೂ, ಬರೆದದ್ದು ಸರಿಯಾಗಲು ಹಣವನ್ನೂ ಒದಗಿಸದ ನಿಯಂತ್ರಣ ಕಾಗದದ ಮೇಲೆ ಉಳಿಯುತ್ತದೆ. ದಂಡಿಸುವ ಅಧಿಕಾರ ನಿಯಂತ್ರಕನಿಗೆ ಬೇಕು, ನಿಜ. ಅದಕ್ಕಿಂತ ಮೊದಲು ಬೇಕಾದದ್ದು, ಸತ್ಯ ಬರೆದವನ ಬೆನ್ನಿಗೆ ನಿಲ್ಲುವ ವ್ಯವಸ್ಥೆ.

ಯಾಕೆ ಹೀಗೆ ಎಂಬುದು ತಿಳಿಯಲು ಮಣ್ಣಿನ ಅಣೆಕಟ್ಟಿನ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಈ ಭಾಗದ ಒಡ್ಡುಗಳು ಬಹುಮಟ್ಟಿಗೆ ಮಣ್ಣಿನವು. ಗೇಟು ಕೂರಿಸಿದ ಕೋಡಿಯ ಭಾಗ ಮಾತ್ರ ಕಲ್ಲು, ಕಾಂಕ್ರೀಟಿನದು. ಮಣ್ಣಿನ ಒಡ್ಡಿನೊಳಗೆ ನೀರು ಇಳಿಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸೋರುವುದು ಅದರ ಸ್ವಭಾವ. ಜಲಾಶಯದ ಬದಿಯಿಂದ ಒಳಹೊಕ್ಕ ನೀರು ನಡುವಿನ ಜೇಡಿಮಣ್ಣಿನ ತಿರುಳನ್ನು ಬಹಳ ನಿಧಾನವಾಗಿ ದಾಟಿ, ಮರಳು, ಜಲ್ಲಿಯ ಸೋಸುಪದರಕ್ಕೆ ಬಂದು, ಅಲ್ಲಿಂದ ಬುಡದ ಚರಂಡಿಗೆ ಇಳಿಯುವಂತೆ ಒಡ್ಡನ್ನು ಕಟ್ಟಿರುತ್ತಾರೆ. ಸೋಸುಪದರದ ಕೆಲಸ ನೀರನ್ನು ಬಿಡುವುದು, ಮಣ್ಣಿನ ಕಣವನ್ನು ತಡೆಯುವುದು. ಅದು ಕೆಟ್ಟರೆ ನೀರಿನ ಜೊತೆ ಕಣಗಳೂ ಹೊರಡುತ್ತವೆ. ಒಂದು ಕಣ ಹೋದ ಜಾಗದಲ್ಲಿ ನೀರಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಇನ್ನಷ್ಟು ಕಣ ಕಿತ್ತು ಬರುತ್ತವೆ, ಕೊರೆತ ಕೆಳಗಿನಿಂದ ಮೇಲಕ್ಕೆ ಕೊಳವೆಯಂತೆ ಬೆಳೆಯುತ್ತಾ ಜಲಾಶಯವನ್ನು ಮುಟ್ಟುತ್ತದೆ. ಅಮೆರಿಕದ ಐಡಾಹೊ ರಾಜ್ಯದಲ್ಲಿ ಆಗಷ್ಟೇ ಕಟ್ಟಿ ಮೊದಲ ಬಾರಿಗೆ ನೀರು ತುಂಬಿಸುತ್ತಿದ್ದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಒಡೆದದ್ದು ಹೀಗೆ. ಬೆಳಿಗ್ಗೆ ಕೆಸರು ನೀರು ಒಸರುವುದು ಕಂಡಿತು. ಮಧ್ಯಾಹ್ನ ಹನ್ನೆರಡು ಗಂಟೆಯ ಹೊತ್ತಿಗೆ ಒಡ್ಡು ಕುಸಿದು ಹೋಗಿತ್ತು. ಹನ್ನೊಂದು ಜನ ಸತ್ತರು.

ಕಲಬುರಗಿಯ ಎರೆಮಣ್ಣು ಈ ಕಥೆಗೆ ತನ್ನದೊಂದು ತೊಡಕನ್ನು ಸೇರಿಸುತ್ತದೆ. ತೊಗರಿಗೆ ಹೇಳಿ ಮಾಡಿಸಿದ ಈ ಕಪ್ಪು ನೆಲ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸೇಡಂ ತಾಲ್ಲೂಕಿನ ಆಡಕಿ ಕಡೆಯ ಹೊಲಗಳಲ್ಲಿ ಬಿಡುವ ಬಿರುಕನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಿರುಳಿನ ಜೇಡಿಯಾಗಿ ಈ ಮಣ್ಣು ಒಳ್ಳೆಯದೇ, ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಏರಿಯ ನೆತ್ತಿಯಲ್ಲಿ, ಸದಾ ತೇವ ಸಿಗದ ಜಾಗದಲ್ಲಿ, ಅದು ಬಿಸಿಲಿಗೆ ಬಿರುಕು ಬಿಟ್ಟರೆ ಮೊದಲ ಮಳೆಗೆ ಆ ಬಿರುಕೇ ನೀರಿನ ದಾರಿ. ಅದರ ಮೇಲೆ ಬಳ್ಳಾರಿ ಜಾಲಿಯ ಬೇರು, ಹೆಗ್ಗಣದ ಬಿಲ, ಹುತ್ತ. ಎಂಜಿನಿಯರುಗಳ ಬಾಯಲ್ಲಿ ‘ಜಂಗಲ್ ಕ್ಲಿಯರೆನ್ಸ್’ ಎನಿಸಿಕೊಳ್ಳುವ ಕೆಲಸ ಹೊರಗಿನವರಿಗೆ ಕಸ ಕೀಳುವ ಕೂಲಿಯಂತೆ ಕಾಣಬಹುದು. ಸತ್ತ ಜಾಲಿಯ ಬೇರು ಕೊಳೆತು ಬಿಟ್ಟುಹೋಗುವ ಟೊಳ್ಳು ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂದು ಬಲ್ಲವರು ಅದನ್ನು ಹಗುರವಾಗಿ ನೋಡುವುದಿಲ್ಲ. ಜೊತೆಗೆ, ಗಿಡಗಂಟಿ ಮುಚ್ಚಿದ ಇಳಿಜಾರಿನಲ್ಲಿ ಒಸರು ಕಣ್ಣಿಗೇ ಬೀಳುವುದಿಲ್ಲ.

ಒಸರನ್ನು ಅಳೆಯುವ ಸಾಧನ ಅತ್ಯಂತ ಸರಳವಾದದ್ದು. ಬುಡದ ಚರಂಡಿಗೆ ಅಡ್ಡಲಾಗಿ ಒಂದು ತಗಡು ನಿಲ್ಲಿಸಿ, ಅದರಲ್ಲಿ ‘ವಿ’ ಆಕಾರದ ಕಚ್ಚು ಕೊರೆದು, ಪಕ್ಕಕ್ಕೆ ಒಂದು ಅಳತೆಪಟ್ಟಿ ನೆಡುತ್ತಾರೆ. ಇದಕ್ಕೆ ವಿ-ನಾಚ್ ಎನ್ನುತ್ತಾರೆ. ತೊಂಬತ್ತು ಡಿಗ್ರಿ ಕೋನದ ಕಚ್ಚಿನಲ್ಲಿ ನೀರು 5 ಸೆಂಟಿಮೀಟರ್ ಎತ್ತರದಲ್ಲಿ ಹರಿದರೆ ಸೆಕೆಂಡಿಗೆ ಸುಮಾರು 0.8 ಲೀಟರ್ ಸೋರುತ್ತಿದೆ ಎಂದು ಲೆಕ್ಕ. ಎತ್ತರ 10 ಸೆಂಟಿಮೀಟರಿಗೆ ಏರಿದರೆ ಸೋರಿಕೆ ಎರಡರಷ್ಟಲ್ಲ, ಸೆಕೆಂಡಿಗೆ ಹತ್ತಿರ ಹತ್ತಿರ ನಾಲ್ಕೂವರೆ ಲೀಟರ್. ಐದು ಪಟ್ಟಿಗೂ ಮೀರಿ. ಅಂದರೆ ಪಟ್ಟಿಯ ಮೇಲೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಕಂಡರೂ ಅದು ದೊಡ್ಡ ಸುದ್ದಿಯೇ. ಆದರೆ ಆ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಜಲಾಶಯದ ಮಟ್ಟ ಇಷ್ಟಿದ್ದಾಗ ಹೋದ ವರ್ಷ ಎಷ್ಟು ಸೋರುತ್ತಿತ್ತು, ಅದರ ಹಿಂದಿನ ವರ್ಷ ಎಷ್ಟು, ನಿನ್ನೆ ಮಳೆ ಬಂದಿತ್ತೇ, ನೀರು ತಿಳಿಯಾಗಿದೆಯೇ ಕದಡಿದೆಯೇ — ಈ ಸಾಲು ಇದ್ದರೆ ಮಾತ್ರ ಇಂದಿನ ಅಂಕಿಗೆ ಅರ್ಥ. ಅಣೆಕಟ್ಟು ಸುರಕ್ಷತೆಯ ವಿಜ್ಞಾನದ ಬಹುಪಾಲು ಇರುವುದು ಈ ಬೇಸರದ ಸಾಲುಗಳಲ್ಲಿ. ಕಾಯ್ದೆ ಪ್ರತಿ ಅಣೆಕಟ್ಟಿಗೂ ದಾಖಲೆ ಪುಸ್ತಕ ಇರಬೇಕು, ಮಾಪನ ಸಾಧನ ಕೂರಿಸಬೇಕು, ಅದರ ಅಂಕಿಗಳನ್ನು ವಿಶ್ಲೇಷಿಸಬೇಕು ಎಂದು ಹೇಳುವುದು ಇದಕ್ಕೇ. ಹೋದ ತಿಂಗಳ ಅಂಕಿಯನ್ನೇ ಈ ತಿಂಗಳಿಗೂ ಇಳಿಸಿದ ಪುಸ್ತಕ ಖಾಲಿ ಪುಸ್ತಕಕ್ಕಿಂತ ಅಪಾಯಕಾರಿ. ಖಾಲಿ ಪುಟ ಕೊನೆಪಕ್ಷ ‘ಗೊತ್ತಿಲ್ಲ’ ಎನ್ನುತ್ತದೆ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ, ಕಾಳಗಿ ಸೀಮೆಯ ಗಡಿಕೇಶ್ವಾರದ ಸುತ್ತ ನೆಲದೊಳಗಿನಿಂದ ಸದ್ದು ಬಂದು, ರಿಕ್ಟರ್ ಮಾಪಕದಲ್ಲಿ 4ರ ಆಸುಪಾಸಿನ ಕಂಪನವೂ ಆಗಿ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದು ಈ ಭಾಗದವರಿಗೆ ನೆನಪಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡ ಪೀಳಿಗೆಗೆ ಆ ಭಯ ಸಹಜ. ಇಷ್ಟು ಚಿಕ್ಕ ಕಂಪನ ಒಳ್ಳೆಯ ಒಡ್ಡಿಗೆ ಏನೂ ಮಾಡಲಿಕ್ಕಿಲ್ಲ. ಆದರೂ ಪ್ರವಾಹ, ಭೂಕಂಪಗಳ ನಂತರ ಅಣೆಕಟ್ಟನ್ನು ತಪಾಸಣೆ ಮಾಡಲೇಬೇಕೆಂದು ಕಾಯ್ದೆ ಹೇಳುತ್ತದೆ, ಮತ್ತು ಆ ತಪಾಸಣೆಗೆ ಬೆಲೆ ಬರುವುದು ಕಂಪನಕ್ಕೆ ಮೊದಲಿನ ಅಂಕಿ ಕೈಯಲ್ಲಿ ಇದ್ದಾಗ. ನಿನ್ನೆ ಎಷ್ಟಿತ್ತೆಂದು ಗೊತ್ತಿಲ್ಲದವರಿಗೆ ಇಂದು ಹೆಚ್ಚಿದೆಯೇ ಎಂದು ಹೇಗೆ ಗೊತ್ತಾಗಬೇಕು?

ಒಸರು ನಿಧಾನದ ಶತ್ರು. ಮಣ್ಣಿನ ಒಡ್ಡಿಗೆ ಅವಸರದ ಶತ್ರು ಮೇಲಿನಿಂದ ಹರಿಯುವ ನೀರು. ಕಲ್ಲಿನ ಅಣೆಕಟ್ಟಿನ ನೆತ್ತಿಯ ಮೇಲೆ ನೀರು ಹರಿದರೂ ಅದು ಸ್ವಲ್ಪ ಹೊತ್ತು ತಡೆದೀತು. ಮಣ್ಣಿನ ಏರಿ ಕೆಲವೇ ಗಂಟೆಗಳಲ್ಲಿ ಕೊರೆದು ಹೋಗುತ್ತದೆ. ಹಾಗಾಗಿ ಮಣ್ಣಿನ ಒಡ್ಡಿನ ಇಡೀ ಭವಿಷ್ಯ ಕೋಡಿಯ ಗೇಟುಗಳ ಮೇಲೆ ನಿಂತಿದೆ. ಗುಜರಾತಿನ ಮಚ್ಛು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ನೆರೆ ಬಂತು, ಕೆಲವು ಗೇಟುಗಳು ಏಳಲಿಲ್ಲ, ಎರಡೂ ಬದಿಯ ಮಣ್ಣಿನ ಏರಿಯ ಮೇಲೆ ನೀರು ಹತ್ತಿತು, ಕೆಳಗಿನ ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. ಸತ್ತವರ ಸಂಖ್ಯೆ ಸಾವಿರಗಳಲ್ಲಿ. ನಲವತ್ತೆರಡು ವರ್ಷದ ನಂತರ, 2021ರ ನವೆಂಬರ್ 19ರಂದು, ಆಂಧ್ರದ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನಲ್ಲಿ ಅದೇ ಕಥೆ ಮರುಕಳಿಸಿತು. ಐದು ಗೇಟುಗಳಲ್ಲಿ ಒಂದು ಏಳಲಿಲ್ಲ. ಮೇಲಿನ ಪಿಂಛಾ ಒಡ್ಡು ಒಡೆದ ನೀರೂ ಬಂದು ಸೇರಿತು. ಮಣ್ಣಿನ ಏರಿ ಹೋಯಿತು. ಒಂದರ ಮೇಲೊಂದು ಎರಡು ಒಡ್ಡುಗಳಿರುವ ಮುಲ್ಲಾಮಾರಿಯ ದಂಡೆಯವರು ಈ ವಿವರವನ್ನು ಮತ್ತೆ ಓದಬೇಕು. ಕೆಳಗಿನ ಅಣೆಕಟ್ಟಿನ ಸುರಕ್ಷತೆಯ ಲೆಕ್ಕದಲ್ಲಿ ಮೇಲಿನ ಅಣೆಕಟ್ಟಿನ ಸ್ಥಿತಿಯೂ ಸೇರಿರಬೇಕು. ನಾಗರಾಳದ ಎಂಜಿನಿಯರಿಗೆ ಬಸವಕಲ್ಯಾಣದ ಕಡೆ ಎಷ್ಟು ಮಳೆಯಾಗಿದೆ, ಅಲ್ಲಿ ಎಷ್ಟು ಗೇಟು ಎತ್ತಿದ್ದಾರೆ ಎಂಬುದು ನೀರು ಬಂದ ಮೇಲಲ್ಲ, ಬರುವ ಗಂಟೆಗಳ ಮೊದಲೇ ಗೊತ್ತಿರಬೇಕು.

ನಮ್ಮದೇ ರಾಜ್ಯದ ಪಾಠ ಇನ್ನೂ ಹಸಿಯಾಗಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ಕಡಿದು, 60 ಅಡಿ ಅಗಲ 20 ಅಡಿ ಎತ್ತರದ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. 1953ರಿಂದ ದುಡಿಯುತ್ತಿದ್ದ ಅಣೆಕಟ್ಟು ಅದು. ಆ ಹೊತ್ತಿಗೆ ಜಲಾಶಯ ತುಂಬಿತ್ತು. ಕೆಟ್ಟ ಗೇಟಿನ ಮುಂದೆ ಇಳಿಸಿ ನೀರು ತಡೆಯುವ ಸ್ಟಾಪ್‌ಲಾಗ್ ಅಲ್ಲಿ ಸಿದ್ಧವಿರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ಮಾಡಿಸಿದ ಸ್ಟಾಪ್‌ಲಾಗ್ ತುಂಡುಗಳನ್ನು ಹರಿಯುವ ನೀರಿನಲ್ಲೇ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದ್ದು ನಿಜಕ್ಕೂ ದೊಡ್ಡ ಸಾಹಸ. ಆ ಸಾಹಸವನ್ನು ಮೆಚ್ಚುತ್ತಲೇ ಇನ್ನೊಂದು ಮಾತು ಹೇಳಬೇಕು: ಸಾಹಸ ಬೇಕಾಗುವ ಸ್ಥಿತಿ ಬರದಂತೆ ನೋಡಿಕೊಳ್ಳುವುದೇ ನಿಯಂತ್ರಣದ ಕೆಲಸ. ಒಂದು ಚೈನ್ ಲಿಂಕಿನ ಆಯುಸ್ಸು ಎಷ್ಟು, ಅದರ ತುಕ್ಕು ಎಷ್ಟು ಆಳಕ್ಕೆ ಇಳಿದಿದೆ, ಬದಲಿ ಎಲ್ಲಿದೆ — ಇವು ಬೇಸಿಗೆಯಲ್ಲಿ ಕೇಳಬೇಕಾದ ಪ್ರಶ್ನೆಗಳು.

ಕಾಯ್ದೆ ಕೇಳುವುದೂ ಇದನ್ನೇ. 2021ರ ಡಿಸೆಂಬರ್ 30ರಿಂದ ಜಾರಿಗೆ ಬಂದ ಅದು 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ, 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಉದ್ದ, ಸಂಗ್ರಹ, ನೆರೆಯ ಪ್ರಮಾಣದಂಥ ಕೆಲವು ಷರತ್ತುಗಳಿಗೆ ಒಳಪಟ್ಟವಕ್ಕೂ ಅನ್ವಯಿಸುತ್ತದೆ. ದೇಶದಲ್ಲಿ ಇಂಥವು ಆರು ಸಾವಿರಕ್ಕೂ ಹೆಚ್ಚು, ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು. ಅಣೆಕಟ್ಟಿನ ಒಡೆತನ ಹೊಂದಿದ ಸಂಸ್ಥೆ ಸುರಕ್ಷತಾ ಘಟಕ ಇಟ್ಟುಕೊಳ್ಳಬೇಕು, ಮಳೆಗಾಲದ ಮೊದಲೂ ನಂತರವೂ ತಪಾಸಣೆ ಮಾಡಬೇಕು, ದುರಸ್ತಿಗೆಂದೇ ಹಣ ಮೀಸಲಿಡಬೇಕು, ಐದು ವರ್ಷದೊಳಗೆ ಸ್ವತಂತ್ರ ತಜ್ಞರ ತಂಡದಿಂದ ಸಮಗ್ರ ಮೌಲ್ಯಮಾಪನ ಮಾಡಿಸಿ ತುರ್ತು ಕ್ರಿಯಾ ಯೋಜನೆಯನ್ನೂ ಸಿದ್ಧಪಡಿಸಬೇಕು. ಮೇಲ್ವಿಚಾರಣೆಗೆ ರಾಜ್ಯ ಅಣೆಕಟ್ಟು ಸುರಕ್ಷತಾ ಸಂಸ್ಥೆ, ಅದರ ಮೇಲೆ ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಪ್ರಾಧಿಕಾರ. ನಿರ್ದೇಶನ ಪಾಲಿಸದಿದ್ದರೆ ಒಂದು ವರ್ಷದವರೆಗೆ, ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ ಜೈಲು.

ಇಲ್ಲಿ ನಿಂತು ಒಬ್ಬ ಎಂಜಿನಿಯರನ ಜಾಗದಿಂದ ಯೋಚಿಸೋಣ. ಏರಿಯ ಬುಡದಲ್ಲಿ ಹೊಸದಾಗಿ ತೇವ ಕಂಡಿದೆ. ಅದನ್ನು ವರದಿಯಲ್ಲಿ ಬರೆದರೆ ದುರಸ್ತಿಗೆ ಅಂದಾಜುಪಟ್ಟಿ ಮಾಡಬೇಕು, ಮೇಲಿನ ಕಚೇರಿಗೆ ಕಳಿಸಬೇಕು, ಅನುದಾನಕ್ಕೆ ಕಾಯಬೇಕು. ಅನುದಾನ ಬರುವುದರೊಳಗೆ ಅನಾಹುತವಾದರೆ, ‘ನಿನಗೆ ಗೊತ್ತಿತ್ತಲ್ಲ, ಯಾಕೆ ಸರಿಪಡಿಸಲಿಲ್ಲ’ ಎಂದು ಕೇಳುವುದು ಬರೆದವನನ್ನೇ. ಬರೆಯದೇ ಇದ್ದಿದ್ದರೆ? ‘ತಪಾಸಣೆಯಲ್ಲಿ ಎಲ್ಲವೂ ಸಾಮಾನ್ಯವಾಗಿತ್ತು’ ಎಂಬ ಕಾಗದ ಅವನ ಕೈಯಲ್ಲಿರುತ್ತದೆ. ಶಿಕ್ಷೆಯ ಭಯವೊಂದನ್ನೇ ನೆಚ್ಚಿದ ವ್ಯವಸ್ಥೆ ಜಾಣರಿಗೆ ಕಲಿಸುವ ಪಾಠ ಮೌನ. ಇದು ಯಾರೊಬ್ಬರ ನೀತಿಯ ಪ್ರಶ್ನೆಯಲ್ಲ. ವ್ಯವಸ್ಥೆ ಯಾವುದಕ್ಕೆ ಲಾಭ, ಯಾವುದಕ್ಕೆ ನಷ್ಟ ಕೊಡುತ್ತದೆ ಎಂಬುದರ ಪ್ರಶ್ನೆ. ಆದ್ದರಿಂದ ನಿಯಮ ತಿರುಗಬೇಕು. ದೋಷವನ್ನು ತಾರೀಖು ಸಮೇತ ಬರೆದು ಮೇಲಕ್ಕೆ ಕಳಿಸಿದ ಕ್ಷಣದಿಂದ ಹೊಣೆ ಆ ಕಾಗದವನ್ನು ಸ್ವೀಕರಿಸಿದವರಿಗೆ ದಾಟಬೇಕು. ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದು ಗೊತ್ತುಪಡಿಸಿರಬೇಕು. ಅಣೆಕಟ್ಟುಗಳ ಮಾಹಿತಿಗಾಗಿ ಕೇಂದ್ರ ರೂಪಿಸಿರುವ ‘ಧರ್ಮಾ’ ಎಂಬ ತಂತ್ರಾಂಶ ಇದಕ್ಕೆ ಒದಗಬಲ್ಲದು. ದೋಷ ದಾಖಲಾದ ದಿನ, ನೋಡಿದವರು, ಉತ್ತರಿಸಿದವರು, ಹಣ ಬಿಡುಗಡೆಯಾದ ದಿನ ಎಲ್ಲವೂ ಒಂದೇ ಸಾಲಿನಲ್ಲಿ ಕಾಣುವಂತಾದರೆ ಒಡ್ಡಿನ ಮೇಲಿನವನು ಒಂಟಿಯಾಗುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ನಿಯಂತ್ರಕ ಹೀಗೆ ಹೆಗಲ ಮೇಲೆ ಕೈ ಹಾಕುತ್ತ ಹೋದರೆ ಕಾವಲುಗಾರನೂ ಕಾಯಿಸಿಕೊಳ್ಳುವವನೂ ಒಂದೇ ಮನೆಯವರಾಗುವುದಿಲ್ಲವೇ? ಆಗುತ್ತಾರೆ, ಮತ್ತು ನಮ್ಮಲ್ಲಿ ಆ ಅಪಾಯ ಈಗಾಗಲೇ ಇದೆ. ಈ ಭಾಗದ ಮಧ್ಯಮ ಯೋಜನೆಗಳು ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿವೆ, ನಿಗಮ ಜಲಸಂಪನ್ಮೂಲ ಇಲಾಖೆಯ ಅಡಿಯಲ್ಲಿದೆ, ರಾಜ್ಯ ಸುರಕ್ಷತಾ ಸಂಸ್ಥೆಯನ್ನೂ ಇಲಾಖೆಯೊಳಗೇ ರಚಿಸಲು ಕಾಯ್ದೆ ಹೇಳುತ್ತದೆ. ಇಂದು ಕಟ್ಟುವ ಹುದ್ದೆಯಲ್ಲಿರುವವರು ನಾಳೆ ಪರೀಕ್ಷಿಸುವ ಹುದ್ದೆಗೆ ವರ್ಗವಾಗಬಹುದು. ಇದಕ್ಕೆ ಪರಿಹಾರ ನೆರವನ್ನು ನಿಲ್ಲಿಸುವುದಲ್ಲ, ನೆರವು ಕೊಡುವ ಕೈಯನ್ನೂ ತಪಾಸಣೆ ಮಾಡುವ ಕೈಯನ್ನೂ ಬೇರೆ ಮಾಡುವುದು. ನೆರವಿಗೆ ಕೃಷ್ಣರಾಜಸಾಗರದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿದೆ, ವಿಶ್ವಬ್ಯಾಂಕಿನ ನೆರವಿನಿಂದ 2012ರಲ್ಲಿ ಆರಂಭವಾದ ‘ಡ್ರಿಪ್’ ಯೋಜನೆಯಲ್ಲಿ ಹಳೆಯ ಅಣೆಕಟ್ಟುಗಳನ್ನು ದುರಸ್ತಿ ಮಾಡಿ ಪಳಗಿದವರಿದ್ದಾರೆ. ಇವರು ಕಲಿಸಲಿ, ಲೆಕ್ಕ ಹಾಕಿಕೊಡಲಿ, ಬೇಕಾದ ಉಪಕರಣ ಸೂಚಿಸಲಿ. ಸಮಗ್ರ ಮೌಲ್ಯಮಾಪನ ಮಾಡುವ ತಂಡದಲ್ಲಿ ಮಾತ್ರ ಆ ಅಣೆಕಟ್ಟಿನ ಕಟ್ಟಡಕ್ಕಾಗಲಿ ನಿರ್ವಹಣೆಗಾಗಲಿ ಸಂಬಂಧಪಟ್ಟವರು ಒಬ್ಬರೂ ಇರಬಾರದು, ಮತ್ತು ಅವರ ವರದಿಯ ಸಾರಾಂಶ ಕೆಳಗಿನ ಗ್ರಾಮ ಪಂಚಾಯಿತಿಗಳಿಗೆ ಸಿಗಬೇಕು. ಊರಿನವರ ಕಣ್ಣು ಬಿದ್ದ ವರದಿ ಕಪಾಟಿನಲ್ಲಿ ಮಲಗುವುದು ಕಷ್ಟ.

ಬ್ರಿಟನ್ನಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1925ರಲ್ಲಿ ವೇಲ್ಸಿನ ಡಾಲ್ಗಾರೋಗ್ ಎಂಬಲ್ಲಿ ಮೇಲಿನ ಒಡ್ಡು ಒಡೆದು, ಆ ನೀರಿಗೆ ಕೆಳಗಿನದೂ ಒಡೆದು ಹದಿನಾರು ಜನ ಸತ್ತ ಮೇಲೆ, 1930ರಲ್ಲಿ ಅಲ್ಲಿ ಜಲಾಶಯ ಸುರಕ್ಷತಾ ಕಾನೂನು ಬಂತು. ಈಗ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನಡೆಯುತ್ತಿರುವುದು 1975ರದು. ಸರ್ಕಾರ ಮಾನ್ಯ ಮಾಡಿದ ತಜ್ಞರ ಪಟ್ಟಿಯಿಂದಲೇ ಒಡೆಯ ಎಂಜಿನಿಯರನ್ನು ನೇಮಿಸಿಕೊಳ್ಳಬೇಕು. ಆ ಎಂಜಿನಿಯರ್ ಸುರಕ್ಷತೆಗೆ ಅಗತ್ಯವೆಂದು ಬರೆದ ಕೆಲಸವನ್ನು ಒಡೆಯ ಮಾಡಿಸಲೇಬೇಕು. ಅಂದರೆ ಬರೆದ ಮಾತಿಗೆ ಕಾನೂನಿನ ಬಲವಿದೆ. ಹಾಗಿದ್ದೂ 2019ರ ಆಗಸ್ಟ್ 1ರಂದು ಟಾಡ್‌ಬ್ರುಕ್ ಜಲಾಶಯದ ಕೋಡಿಯ ಕಾಂಕ್ರೀಟ್ ಹಾಸು ಕಿತ್ತುಹೋಗಿ, ಕೆಳಗಿನ ವೇಲಿ ಬ್ರಿಜ್ ಊರಿನ ಸುಮಾರು ಸಾವಿರದ ಐನೂರು ಜನರನ್ನು ತೆರವುಗೊಳಿಸಬೇಕಾಯಿತು. ವಿನ್ಯಾಸದಲ್ಲೇ ಕೊರತೆಯಿತ್ತು, ನಿರ್ವಹಣೆಯೂ ಸಾಲದಾಗಿತ್ತು ಎಂದು ಸ್ವತಂತ್ರ ಪರಿಶೀಲನೆ ಹೇಳಿತು. ಸುಮಾರು ತೊಂಬತ್ತು ವರ್ಷದ ಅನುಭವವಿದ್ದ ನಿಯಂತ್ರಣವೂ ತಪ್ಪಬಹುದು ಎಂಬುದು ಒಂದು ಪಾಠ. ಒಂದೂ ಜೀವ ಹೋಗಲಿಲ್ಲ ಎಂಬುದು ಇನ್ನೊಂದು, ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡ ಪಾಠ.

ಇನ್ನೊಂದು ಆಕ್ಷೇಪ ಇಲ್ಲಿನ ರೈತರದು, ಮತ್ತು ಅದು ನ್ಯಾಯವಾದದ್ದು. ಮಳೆ ನಂಬಲಾಗದ ಸೀಮೆ ಇದು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಜಲಾಶಯ ತುಂಬಿದರೆ ಮಾತ್ರ ಹಿಂಗಾರಿಗೆ ಕಾಲುವೆ ನೀರು. ಸುರಕ್ಷತೆಯ ಹೆಸರಿನಲ್ಲಿ ಗೇಟು ಎತ್ತಿ ನೀರು ಬಿಟ್ಟು, ಆಮೇಲೆ ಮಳೆ ಕೈಕೊಟ್ಟರೆ ಗತಿ ಏನು? ಆದರೆ 2020ರ ಅಕ್ಟೋಬರ್ ನಡುವೆ ಆದದ್ದನ್ನೂ ನೋಡಬೇಕು. ಬಂಗಾಳಕೊಲ್ಲಿಯಿಂದ ಹೊರಟ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿ ಇತ್ತ ಬಂದಾಗ ಇಲ್ಲಿನ ಜಲಾಶಯಗಳು ಹೆಚ್ಚುಕಡಿಮೆ ತುಂಬಿದ್ದವು. ತುಂಬಿದ ಜಲಾಶಯ ನೆರೆಯನ್ನು ಹಿಡಿದಿಡಲಾರದು. ಬಂದದ್ದನ್ನು ಬಂದಂತೆ ಕೆಳಗೆ ದಾಟಿಸುತ್ತದೆ. ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಕಡೆ ನದಿದಂಡೆಯ ಊರುಗಳು ನೀರಿಗೆ ಸಿಕ್ಕವು. ಗೇಟಿನ ಬಳಿ ನಿಂತ ಎಂಜಿನಿಯರ್ ಬೇಗ ಎತ್ತಿದರೂ ಬೈಗುಳ, ತಡವಾಗಿ ಎತ್ತಿದರೂ ಬೈಗುಳ. ಈ ಇಕ್ಕಟ್ಟಿಗೆ ಜಲವಿಜ್ಞಾನದ ಉತ್ತರ ‘ರೂಲ್ ಕರ್ವ್’, ಅಂದರೆ ವರ್ಷದ ಯಾವ ವಾರದಲ್ಲಿ ಜಲಾಶಯದ ಮಟ್ಟ ಎಷ್ಟಕ್ಕಿಂತ ಮೇಲೆ ಇರಬಾರದು ಎಂದು ದಶಕಗಳ ಮಳೆಯ ಅಂಕಿಗಳಿಂದ ಮೊದಲೇ ಹಾಕಿಟ್ಟ ಗೆರೆ. ಅದನ್ನು ರೈತರ ನೀರು ಬಳಕೆದಾರರ ಸಂಘಗಳ ಮುಂದೆ ಚರ್ಚಿಸಿ, ಒಪ್ಪಿ, ಪ್ರಕಟಿಸಿಟ್ಟರೆ ಮಧ್ಯರಾತ್ರಿ ಗೇಟು ಎತ್ತುವ ನಿರ್ಧಾರ ಒಬ್ಬನ ಧೈರ್ಯದ ಮೇಲೆ ನಿಲ್ಲುವುದಿಲ್ಲ. ಆ ಗೆರೆಯಿಂದ ಕೆಲವು ವರ್ಷ ಸ್ವಲ್ಪ ನೀರು ಕಳೆದುಕೊಳ್ಳುತ್ತೇವೆ, ಅದನ್ನು ಮರೆಮಾಚಬಾರದು. ಆ ನಷ್ಟವನ್ನು ಯಾರು ಭರಿಸಬೇಕು, ಹೇಗೆ ಹಂಚಿಕೊಳ್ಳಬೇಕು ಎಂಬುದನ್ನೂ ಅದೇ ಸಭೆಯಲ್ಲಿ ಮಾತಾಡಬೇಕು.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತು ಇಂಥ ಸಭೆಗಳಲ್ಲಿ ಬಹಳ ದಾರಿ ತಪ್ಪಿಸುತ್ತದೆ. ಒಮ್ಮೆ ಬಂತಲ್ಲ, ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ ಅದರ ಅರ್ಥ. ಪ್ರತಿ ವರ್ಷವೂ ಬರುವ ಸಂಭವ ನೂರರಲ್ಲಿ ಒಂದು ಎಂದು. ಅಣೆಕಟ್ಟು ಐವತ್ತು ವರ್ಷ ನಿಂತರೆ ಅಷ್ಟರಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಂಭವ ಸುಮಾರು ಶೇ 40. ಸಣ್ಣ ಅಣೆಕಟ್ಟಿನ ಕೋಡಿಯನ್ನು ನೂರು ವರ್ಷದ ನೆರೆಗೆ ರೂಪಿಸಿದರೆ ಸಾಕು ಎನ್ನುತ್ತದೆ ಭಾರತೀಯ ಮಾನಕ. ಎತ್ತರ, ಸಂಗ್ರಹ ಹೆಚ್ಚಿದಂತೆ ಇನ್ನೂ ದೊಡ್ಡ ನೆರೆಯನ್ನು, ಅತಿ ದೊಡ್ಡವಕ್ಕೆ ಸಂಭವಿಸಬಹುದಾದ ಗರಿಷ್ಠ ನೆರೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಐವತ್ತು ವರ್ಷದ ಹಿಂದೆ ಅಂದಿನ ಮಳೆಯ ಅಂಕಿಗಳಿಂದ ರೂಪಿಸಿದ ಕೋಡಿ ಇಂದಿನ ಲೆಕ್ಕಕ್ಕೆ ಸಾಲುತ್ತದೆಯೇ ಎಂದು ಮರುಪರಿಶೀಲಿಸುವುದು ಸಮಗ್ರ ಮೌಲ್ಯಮಾಪನದ ಹೃದಯಭಾಗ. 1970ರ ದಶಕದ ಚಂದ್ರಂಪಳ್ಳಿಯಂಥ ಒಡ್ಡುಗಳಿಗೆ ಇದು ಇನ್ನಷ್ಟು ಮುಖ್ಯ.

ಹಣದ ಮಾತಿಗೆ ಬಂದರೆ, ಹೊಸ ಕಾಲುವೆಗೆ ಅಡಿಗಲ್ಲು ಹಾಕುವಷ್ಟು ಉತ್ಸಾಹ ಹಳೆಯ ಗೇಟಿಗೆ ಗ್ರೀಸ್ ಹಚ್ಚುವುದರಲ್ಲಿ ಯಾವ ಕಾಲಕ್ಕೂ ಇರುವುದಿಲ್ಲ. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರು. ಕನ್ನಡ ಶಾಸನಗಳಲ್ಲಿ ಕೆರೆಯ ದುರಸ್ತಿಗೆಂದೇ ಬಿಟ್ಟ ಭೂಮಿ, ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ದತ್ತಿಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವರು ಅದರ ಜೊತೆಗೇ ಅದನ್ನು ಕಾಯುವವನ ಜೀವನೋಪಾಯವನ್ನೂ ಕಟ್ಟಿಟ್ಟರು. ಅರಸು ಬದಲಾದರೂ ಆ ಭೂಮಿಯ ಆದಾಯ ಏರಿಯ ಮಣ್ಣಿಗೆ ಬರುತ್ತಿತ್ತು. ‘ಸಾಕಷ್ಟು ಮತ್ತು ನಿರ್ದಿಷ್ಟ ಹಣ ಮೀಸಲಿಡಬೇಕು’ ಎಂಬ ಇಂದಿನ ಕಾಯ್ದೆಯ ಮಾತು ಅದೇ ತಿಳಿವಳಿಕೆಯದು. ಆದರೆ ಎಷ್ಟಾದರೆ ಸಾಕಷ್ಟು ಎಂದು ಅದು ಹೇಳುವುದಿಲ್ಲ. ಪ್ರತಿ ಅಣೆಕಟ್ಟಿನ ನಿರ್ವಹಣೆಗೆ ಬೇರೆಯದೇ ಖಾತೆ, ಏಪ್ರಿಲ್‌ನಲ್ಲೇ ಹಣ, ಸಣ್ಣ ದುರಸ್ತಿಗೆ ಸ್ಥಳದಲ್ಲೇ ಮಂಜೂರಾತಿ — ಇಷ್ಟಾದರೆ ಮಳೆಗಾಲದ ಮೊದಲಿನ ತಪಾಸಣೆ ಮಳೆಗಾಲದ ಮೊದಲೇ ಫಲ ಕೊಟ್ಟೀತು.

ಇನ್ನು ಕೆರೆಗಳು. ಕಾಯ್ದೆಯ ಅಳತೆಗೋಲು ಮುಖ್ಯವಾಗಿ ಎತ್ತರ. ಬ್ರಿಟನ್ನಿನಲ್ಲಿ ಅದು ಸಂಗ್ರಹ. ಇಂಗ್ಲೆಂಡಿನಲ್ಲಿ ನೆಲಮಟ್ಟದ ಮೇಲೆ 25,000 ಘನ ಮೀಟರ್, ಅಂದರೆ ಎರಡೂವರೆ ಕೋಟಿ ಲೀಟರ್ ನೀರು ನಿಲ್ಲಿಸಿದರೆ ಸಾಕು, ಕಾನೂನು ಅನ್ವಯಿಸುತ್ತದೆ. ಆ ಲೆಕ್ಕದಲ್ಲಿ ನಮ್ಮ ಎಷ್ಟೋ ಕೆರೆಗಳು ಒಳಗೆ ಬರುತ್ತಿದ್ದವು. ಇಲ್ಲಿ ಹತ್ತು ಮೀಟರಿಗಿಂತ ಕಡಿಮೆ ಎತ್ತರದ ಏರಿಗಳೆಲ್ಲ ಹೊರಗೇ. ಸಣ್ಣ ನೀರಾವರಿ ಇಲಾಖೆ ಮತ್ತು ಪಂಚಾಯಿತಿಗಳ ಕೈಯಲ್ಲಿರುವ ಈ ಕೆರೆಗಳಿಗೂ ದೊಡ್ಡ ಅಣೆಕಟ್ಟಿನ ನಿಯಮಗಳನ್ನೆಲ್ಲ ಹೇರುವುದು ಆಗದ ಮಾತು, ಮತ್ತು ಬೇಕಾಗಿಯೂ ಇಲ್ಲ. ಏರಿಯ ಕೆಳಗೆ ಮನೆಗಳಿರುವ ಕೆರೆಗಳನ್ನು ಗುರುತಿಸಿ, ಅವುಗಳಿಗೆ ಒಂದೇ ಪುಟದ ತಪಾಸಣಾ ಪಟ್ಟಿ ಕೊಟ್ಟು, ಮೇ ತಿಂಗಳಲ್ಲಿ ಕೋಡಿಯ ಬಾಯಿ ತೆರೆದಿದೆಯೇ, ತೂಬು ಆಡುತ್ತದೆಯೇ, ಏರಿಯ ಮೇಲೆ ಗಿಡ ಬೆಳೆದಿದೆಯೇ, ಬುಡದಲ್ಲಿ ಒಸರಿದೆಯೇ ಎಂದು ನೋಡಿಸಿದರೂ ಅರ್ಧ ಅಪಾಯ ಕಡಿಮೆಯಾಗುತ್ತದೆ.

ಉಳಿದದ್ದು ತುರ್ತು ಕ್ರಿಯಾ ಯೋಜನೆ. ಕಾಯ್ದೆ ಕೊಟ್ಟ ಐದು ವರ್ಷ 2026ರ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಜನರಿಗೆ ಮೊದಲೇ ಹೇಳಿದರೆ ಗಾಬರಿಯಾಗುತ್ತದೆ ಎಂಬ ಅಳುಕು ಅಧಿಕಾರಿಗಳಲ್ಲಿ ಹಳೆಯದು. ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟಿನ ಕೋಡಿ 2017ರ ಫೆಬ್ರವರಿಯಲ್ಲಿ ಕೊರೆದಾಗ ಸುಮಾರು 1,88,000 ಜನರನ್ನು ತೆರವುಗೊಳಿಸಿದರು. ಒಡ್ಡು ಉಳಿಯಿತು, ಜನ ಮನೆಗೆ ಮರಳಿದರು. ಕಾಗಿಣಾ ಕಣಿವೆಯವರಿಗಂತೂ ಸೇತುವೆ ಮುಳುಗುವುದು ಹೊಸದಲ್ಲ. ‘ನದಿದಂಡೆಯ ಜನ ಎಚ್ಚರಿಕೆಯಿಂದ ಇರಬೇಕು’ ಎಂಬ ಒಂದು ಸಾಲಿನ ಪ್ರಕಟಣೆ ಅವರಿಗೆ ಏನೂ ಹೇಳುವುದಿಲ್ಲ. ಇಷ್ಟು ಕ್ಯುಸೆಕ್ ಬಿಟ್ಟರೆ ಎಷ್ಟು ಗಂಟೆಯಲ್ಲಿ ದಂಡೋತಿ ಸೇತುವೆ ಮುಳುಗುತ್ತದೆ, ಮಳಖೇಡದ ಯಾವ ಓಣಿಗೆ ನೀರು ಬರುತ್ತದೆ, ಭೀಮೆಯೂ ಅದೇ ದಿನ ತುಂಬಿದ್ದರೆ ಶಹಾಬಾದ್ ಬದಿಯಲ್ಲಿ ಕಾಗಿಣೆ ಹಿಮ್ಮುಖವಾಗಿ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ನಕಾಶೆಯಲ್ಲಿ ಗುರುತಿಸಿ ಊರೂರಿಗೆ ಕೊಡಬೇಕು. ಈ ಸೀಮೆಯ ಯೋಜನೆಯಲ್ಲಿ ಬೇರೆ ಕಡೆ ಇರದ ಒಂದು ಅಧ್ಯಾಯವೂ ಬೇಕು: ಶಹಾಬಾದ್ ಕಲ್ಲಿನ ಗಣಿಗಳು, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಸುಣ್ಣಕಲ್ಲಿನ ಗುಂಡಿಗಳು. ನೆಲಮಟ್ಟಕ್ಕಿಂತ ಕೆಳಗೆ ಇಳಿದು ಕಲ್ಲು ಬಿಡಿಸುವವರಿಗೆ ನದಿ ಕಾಣುವುದಿಲ್ಲ, ಯಂತ್ರದ ಸದ್ದಿನಲ್ಲಿ ಡಂಗುರವೂ ಕೇಳುವುದಿಲ್ಲ. ಅವರಿಗೆ ಸೈರನ್ ಬೇಕು, ಗಣಿಯ ಮೇಸ್ತ್ರಿಯ ಫೋನ್ ನಂಬರ್ ಅಣೆಕಟ್ಟಿನ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಇರಬೇಕು. ಎಚ್ಚರಿಕೆಯ ಮಾತು ಕನ್ನಡದ ಜೊತೆಗೆ ಉರ್ದು, ತೆಲುಗು, ಮತ್ತು ಚಿಂಚೋಳಿಯ ತಾಂಡಾಗಳಿಗೆ ಲಂಬಾಣಿಯಲ್ಲೂ ಧ್ವನಿಮುದ್ರಣವಾಗಿ ಸಿದ್ಧವಿರಬೇಕು. ಮೇ ತಿಂಗಳಲ್ಲಿ ಒಂದು ದಿನ, ಹೊಳೆ ಒಣಗಿರುವಾಗಲೇ, ನಾಗರಾಳದಿಂದಲೂ ಹೆರೂರಿನಿಂದಲೂ ಆ ಸೈರನ್ ಊದಿ, ಯಾವ ಊರಿಗೆ ಕೇಳಿತು, ಯಾವುದಕ್ಕೆ ಕೇಳಲಿಲ್ಲ ಎಂದು ಪಟ್ಟಿ ಮಾಡಬೇಕು.